ಪರೀಕ್ಷೆಯ ದಿನ ಬಾರದ ಐವರು: ಶಾಲಾ ಮುಖ್ಯಸ್ಥರ ತರಬೇತಿಗೆ ಒಂದು ಪ್ರಕರಣ

ಶಾಲಾ ಮುಖ್ಯಸ್ಥರ ತರಬೇತಿಗೆ ಬಳಸುವ ಪ್ರಕರಣಗಳಲ್ಲಿ ನನಗೆ ಇದು ಬಹಳ ಇಷ್ಟ. ಇದರಲ್ಲಿ ಜಗಳ ಇಲ್ಲ, ಹಣದ ಗೋಲ್‌ಮಾಲ್ ಇಲ್ಲ, ಯಾರೂ ದೂರು ಕೂಡ ಕೊಟ್ಟಿಲ್ಲ. ಒಂದು ಹಾಜರಿ ಪುಸ್ತಕ, ಒಂದು ಫಲಿತಾಂಶದ ಹಾಳೆ, ಒಬ್ಬ ತಾಯಿಯ ಎರಡು ಮಾತು. ಇಷ್ಟನ್ನೇ ಇಟ್ಟುಕೊಂಡು ಒಬ್ಬ ಮುಖ್ಯ ಶಿಕ್ಷಕಿ ಸಂಜೆಯೊಳಗೆ ಏನಾದರೂ ಮಾಡಬೇಕು.

ಪ್ರಕರಣ ತರಬೇತಿಗೆಂದೇ ಕಟ್ಟಿದ್ದು. ಶಾಲೆ, ಜನ, ಅಂಕಿ ಎಲ್ಲವೂ ಕಲ್ಪಿತ. ಆದರೆ ಇಂಥದ್ದು ಶಾಲೆಗಳಲ್ಲಿ ನಿಜವಾಗಿ ನಡೆಯುತ್ತದೆ, ಅದನ್ನು ಮುಂದೆ ಹೇಳುತ್ತೇನೆ. ಭಾಗವಹಿಸುವವರ ಕೈಗೆ ಕೊಡುವ ಹಾಳೆಯಲ್ಲಿ ಇರುವುದನ್ನೇ ಮೊದಲು ಪೂರ್ತಿ ಕೊಡುತ್ತೇನೆ. ಆಮೇಲೆ ಅದನ್ನು ನಡೆಸುವ ಬಗೆ.

ಮೊದಲ ಹಾಳೆ

ಮುಖ್ಯ ಶಿಕ್ಷಕಿ ಈ ಶಾಲೆಗೆ ಬಂದು ಮೂರು ತಿಂಗಳಾಗಿದೆ. ಮುಖ್ಯಸ್ಥೆಯ ಕುರ್ಚಿ ಅವರಿಗೆ ಇದೇ ಮೊದಲು. ಅದಕ್ಕೆ ಮುಂಚೆ ಬೇರೆ ಶಾಲೆಯಲ್ಲಿ ಭಾಷೆ ಪಾಠ ಮಾಡುತ್ತಿದ್ದರು.

ಎಂಟನೇ ತರಗತಿಯಲ್ಲಿ ಎರಡು ವಿಭಾಗ. ಅದರಲ್ಲಿ ಒಂದಕ್ಕೆ ಗಣಿತದ ಮೇಷ್ಟ್ರೇ ಕ್ಲಾಸ್ ಟೀಚರ್. ಹದಿನಾಲ್ಕು ವರ್ಷದಿಂದ ಇಲ್ಲೇ ಇದ್ದಾರೆ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು, ಹಿಂದೆ ಬಿದ್ದ ಮಕ್ಕಳನ್ನು ಕೂರಿಸಿಕೊಂಡು ಲೆಕ್ಕ ಹೇಳಿಕೊಡುತ್ತಾರೆ. ಇದಕ್ಕೆ ಯಾರ ಹತ್ತಿರವೂ ಏನೂ ತೆಗೆದುಕೊಳ್ಳುವುದಿಲ್ಲ. ಕಚೇರಿಯ ಫೈಲಿನಲ್ಲಿ ಹಿಂದಿನ ಮುಖ್ಯಸ್ಥರು ಅವರಿಗೆ ಬರೆದುಕೊಟ್ಟ ಮೆಚ್ಚುಗೆ ಪತ್ರದ ಪ್ರತಿ ಇದೆ. ಇಡೀ ಶಾಲೆಯಲ್ಲಿ ಅತಿ ಹೆಚ್ಚು ಸರಾಸರಿ ತಂದಿದ್ದಕ್ಕೆ ಅಭಿನಂದನೆ ಎಂದು ಅದರಲ್ಲಿದೆ. ಪ್ರತಿ ಪರೀಕ್ಷೆ ಮುಗಿದ ಮೇಲೆ ಸ್ಟಾಫ್ ರೂಮಿನ ಗೋಡೆಗೆ ತರಗತಿವಾರು ಸರಾಸರಿಯ ಪಟ್ಟಿ ಅಂಟಿಸುವುದು ಇಲ್ಲಿನ ರೂಢಿ.

ತಿಂಗಳ ಕೊನೆ. ಮುಖ್ಯ ಶಿಕ್ಷಕಿ ಹಾಜರಿ ಪುಸ್ತಕಗಳಿಗೆ ಸಹಿ ಹಾಕುತ್ತಿದ್ದಾರೆ. ಗಣಿತದ ಮೇಷ್ಟ್ರ ವಿಭಾಗದ ಪುಸ್ತಕದಲ್ಲಿ 38 ಹೆಸರು. ಪುಟದ ತುಂಬ ಹಾಜರಿ ಗುರುತು, ಅಲ್ಲೊಂದು ಇಲ್ಲೊಂದು ಗೈರು. ಒಂದು ದಿನದ ಸಾಲಿನಲ್ಲಿ ಮಾತ್ರ ಐದು ಕೆಂಪು ಗುರುತು ಮೇಲಿಂದ ಕೆಳಗೆ ಬಿದ್ದಿವೆ. ಅವರು ಹಿಂದಿನ ತಿಂಗಳ ಪುಟ ತೆಗೆಯುತ್ತಾರೆ. ಅಲ್ಲೂ ಒಂದು ದಿನ ಹಾಗೇ, ಅದೇ ಹೆಸರುಗಳ ಎದುರು. ಗೋಡೆಯ ಕ್ಯಾಲೆಂಡರ್ ನೋಡುತ್ತಾರೆ. ಎರಡೂ ಗಣಿತದ ಕಿರುಪರೀಕ್ಷೆಯ ದಿನ.

ಈ ವರ್ಷ ಇಲ್ಲಿಯವರೆಗೆ 6 ಕಿರುಪರೀಕ್ಷೆ ಆಗಿವೆ. ಕ್ರಮಸಂಖ್ಯೆ 7, 12, 19, 26, 33 ಇರುವ ಐದು ಮಕ್ಕಳು ಕ್ರಮವಾಗಿ 5, 5, 4, 6, 4 ಪರೀಕ್ಷೆಗೆ ಬಂದಿಲ್ಲ. ಕೊನೆಯ ಪರೀಕ್ಷೆಗೆ ಐವರೂ ಇಲ್ಲ. ಉಳಿದ ದಿನಗಳಲ್ಲಿ ಇವರ ಹಾಜರಿ ತರಗತಿಯ ಬೇರೆ ಮಕ್ಕಳಷ್ಟೇ ಚೆನ್ನಾಗಿದೆ. ಗೈರಾದವರಿಗೆ ಒಂದು ವಾರದೊಳಗೆ ಮರುಪರೀಕ್ಷೆ ಕೊಡಬೇಕು ಎಂದು ಶಾಲೆಯ ನಿಯಮ ಇದೆ. ಅಂಕದ ಪುಸ್ತಕದಲ್ಲಿ ಮರುಪರೀಕ್ಷೆಯ ಜಾಗ ಖಾಲಿ.

ಮಧ್ಯಾಹ್ನ ಕ್ರಮಸಂಖ್ಯೆ 19ರ ಹುಡುಗನ ತಾಯಿ ಒಂದು ದಾಖಲೆ ಪತ್ರ ತೆಗೆದುಕೊಂಡು ಹೋಗಲು ಬರುತ್ತಾರೆ. ಮುಖ್ಯ ಶಿಕ್ಷಕಿ ಪತ್ರ ಕೊಡುತ್ತ, ಮಗ ಹೇಗಿದ್ದಾನೆ ಎಂದು ಸುಮ್ನೆ ಕೇಳುತ್ತಾರೆ. ತಾಯಿಯ ಮುಖ ಅರಳುತ್ತದೆ.

"ಈಗ ಪರವಾಗಿಲ್ಲ ಮೇಡಂ. ಮುಂಚೆ ಪರೀಕ್ಷೆ ಅಂದ್ರೆ ಹಿಂದಿನ ರಾತ್ರಿಯಿಂದಲೇ ವಾಂತಿ. ಲೆಕ್ಕದ ಮೇಷ್ಟ್ರು ಹೇಳಿದ್ರಂತೆ, ಅಷ್ಟು ಭಯ ಆದ್ರೆ ಆವತ್ತು ಮನೇಲೇ ಇರು ಅಂತ. ದೇವರಂಥ ಮನುಷ್ಯ."

ಮೂರೂ ಮುಕ್ಕಾಲಿಗೆ ಗಣಿತದ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದಾರೆ. ಕೈಯಲ್ಲಿ ಕೊನೆಯ ಪರೀಕ್ಷೆಯ ಫಲಿತಾಂಶದ ಹಾಳೆ. ಬರೆದವರು 33. ಸರಾಸರಿ 81. ಪಕ್ಕದ ವಿಭಾಗದ್ದು 76. ನಾಳೆ ಬೆಳಿಗ್ಗೆ ಆಡಳಿತ ಮಂಡಳಿಯ ಸಭೆ ಇದೆ, ಹಾಳೆ ಇವತ್ತೇ ಹೋಗಬೇಕು.

"ಮೇಡಂ, ಒಂದು ಸಹಿ."

ಹಾಳೆ ಇಲ್ಲಿಗೆ ಮುಗಿಯುತ್ತದೆ.

ಕೋಣೆಯಲ್ಲಿ ಆಗುವುದು

ಓದಿ ಮುಗಿಸಿದ ಕೂಡಲೇ ಕೋಣೆ ಎರಡು ಪಾಲಾಗುತ್ತದೆ. ಒಂದು ಗುಂಪಿಗೆ ಇದು ಸ್ಪಷ್ಟವಾದ ಮೋಸ. ನೋಟಿಸ್ ಕೊಡಿ, ವಿವರಣೆ ಕೇಳಿ, ಸಹಿ ಹಾಕಬೇಡಿ. ಇನ್ನೊಂದು ಗುಂಪಿಗೆ ಮೇಷ್ಟ್ರು ಒಳ್ಳೆಯವರು, ಮಗುವಿನ ಭಯ ನೋಡಲಾರದೆ ಹೇಳಿದ್ದಾರೆ, ಹೊಸದಾಗಿ ಬಂದ ಮುಖ್ಯಸ್ಥೆ ಇಷ್ಟು ಹಳಬರ ಜೊತೆ ಯಾಕೆ ಕೆಡಿಸಿಕೊಳ್ಳಬೇಕು? ಇಬ್ಬರೂ ಜೋರಾಗಿಯೇ ಮಾತಾಡುತ್ತಾರೆ. ಅನುಭವ ಜಾಸ್ತಿ ಇದ್ದವರು ಇನ್ನೂ ಬೇಗ ತೀರ್ಪು ಕೊಡುತ್ತಾರೆ, ಯಾಕೆಂದರೆ ಅವರ ಕಣ್ಣ ಮುಂದೆ ಆಗಲೇ ತಮ್ಮ ಶಾಲೆಯ ಯಾರೋ ಒಬ್ಬ ಮೇಷ್ಟ್ರು ಬಂದು ನಿಂತಿರುತ್ತಾರೆ.

ನಡೆಸುವವರು ಈ ಹಂತದಲ್ಲಿ ಯಾರ ಪರವೂ ಮಾತಾಡಬಾರದು. ನಾನು ಬೋರ್ಡಿನ ಮೇಲೆ ಒಂದು ಗೆರೆ ಎಳೆದು, ಎಡಕ್ಕೆ "ಗೊತ್ತಿರುವುದು", ಬಲಕ್ಕೆ "ಅಂದುಕೊಂಡಿರುವುದು" ಎಂದು ಬರೆದು, ಅವರು ಹೇಳಿದ್ದನ್ನೆಲ್ಲ ಅವರಿಂದಲೇ ಹಂಚಿಸುತ್ತೇನೆ. ಐವರು ಗೈರಾಗಿದ್ದು ಎಡಕ್ಕೆ. ಮರುಪರೀಕ್ಷೆಯ ಜಾಗ ಖಾಲಿ ಇರುವುದು ಎಡಕ್ಕೆ. ಮರುಪರೀಕ್ಷೆ ಆಗಿಲ್ಲ ಎನ್ನುವುದು? ಅದು ಬಲಕ್ಕೆ. ಬರೆಸಿ, ಅಂಕ ಹತ್ತಿಸದೆ ಬಿಟ್ಟಿರಬಹುದು. ಮೇಷ್ಟ್ರು ಮನೆಯಲ್ಲಿರು ಎಂದದ್ದು? ಮಗ ಹೇಳಿದ್ದು, ತಾಯಿ ಕೇಳಿದ್ದು, ಮುಖ್ಯ ಶಿಕ್ಷಕಿಗೆ ತಲುಪಿದ್ದು. ಅದೂ ಒಬ್ಬ ಹುಡುಗನ ವಿಷಯ, ಐವರದ್ದಲ್ಲ. ಸರಾಸರಿ ಹೆಚ್ಚಿಸಲೆಂದೇ ಹೇಳಿದರು ಎನ್ನುವುದು ಪೂರ್ತಿ ಬಲಕ್ಕೆ. ನಿಧಾನಕ್ಕೆ ಎಡಭಾಗ ಸಣ್ಣದಾಗುತ್ತದೆ, ಬಲಭಾಗ ತುಂಬಿಕೊಳ್ಳುತ್ತದೆ. ನೋಟಿಸ್ ಕೊಡಿ ಎಂದವರೂ, ಬಿಟ್ಟುಬಿಡಿ ಎಂದವರೂ ಬಲಭಾಗದ ಮೇಲೆ ನಿಂತು ಮಾತಾಡಿದ್ದರು ಎಂದು ಆಗ ಅವರಿಗೇ ಕಾಣುತ್ತದೆ.

ಒಂದು ಲೆಕ್ಕವನ್ನೂ ಮಾಡಿಸುತ್ತೇನೆ. 33 ಮಕ್ಕಳ ಸರಾಸರಿ 81. ಬಾರದ ಐವರು ತಲಾ 30 ತೆಗೆದಿದ್ದರೆ 38 ಮಕ್ಕಳ ಸರಾಸರಿ ಎಷ್ಟಾಗುತ್ತಿತ್ತು? ಸುಮಾರು 74. ಪಕ್ಕದ ವಿಭಾಗಕ್ಕಿಂತ ಕೆಳಗೆ. ಗೋಡೆಯ ಮೇಲಿನ ಪಟ್ಟಿ ತಲೆಕೆಳಗಾಗಲು ಐದು ಖಾಲಿ ಬೆಂಚು ಸಾಕು ಎಂದು ಕೈಯಾರೆ ಲೆಕ್ಕ ಹಾಕಿದಾಗ ಕೋಣೆ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಸರಾಸರಿ ಲೆಕ್ಕಕ್ಕೆ ಗೈರಾದವರು ಸೇರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯವೇ. ಅದರಿಂದ ಏನಾಗಬಹುದು ಎಂದು ಮಾತ್ರ ಯೋಚಿಸಿರುವುದಿಲ್ಲ.

ಹಾಳೆಯನ್ನು ಸಹಿಯ ಹತ್ತಿರ ನಿಲ್ಲಿಸುವುದು ಯಾಕೆ

ಪ್ರಕರಣದ ಮೂಲಕ ಕಲಿಸುವ ರೀತಿ ಮೊದಲು ಬೆಳೆದದ್ದು ಕಾನೂನಿನಲ್ಲಿ. 1870ರಲ್ಲಿ ಹಾರ್ವರ್ಡ್ ಲಾ ಸ್ಕೂಲಿನ ಮುಖ್ಯಸ್ಥರಾಗಿ ಬಂದ ಕ್ರಿಸ್ಟಫರ್ ಲ್ಯಾಂಗ್‌ಡೆಲ್ ಅದನ್ನು ತಂದರು. 1920ರ ದಶಕದಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಅದನ್ನೇ ತನ್ನ ಮುಖ್ಯ ಬೋಧನಾ ಕ್ರಮ ಮಾಡಿಕೊಂಡಿತು. ಆದರೆ ಎರಡೂ ಕಡೆಯ ಪ್ರಕರಣಗಳಲ್ಲಿ ಒಂದು ವ್ಯತ್ಯಾಸ ಇದೆ. ಕೋರ್ಟಿನ ಪ್ರಕರಣದಲ್ಲಿ ತೀರ್ಪು ಆಗಲೇ ಬಂದಿರುತ್ತದೆ, ಅದು ಯಾಕೆ ಹಾಗೆ ಬಂತು ಎಂದು ಓದುತ್ತೇವೆ. ವ್ಯವಹಾರದ ಪ್ರಕರಣ ತೀರ್ಮಾನಕ್ಕೆ ಮುಂಚೆಯೇ ನಿಲ್ಲುತ್ತದೆ. ಶಾಲೆ ನಡೆಸುವವರಿಗೆ ಈ ಎರಡನೆಯದೇ ಬೇಕು. ಕಥೆಯ ಕೊನೆ ಗೊತ್ತಾದರೆ ಎಲ್ಲರೂ ಬುದ್ಧಿವಂತರೇ ಅಲ್ವಾ?

ನನಗೆ ಇನ್ನೂ ಉಪಯೋಗಕ್ಕೆ ಬಂದದ್ದು 1950ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ನಡೆದ ಒಂದು ಕೆಲಸ. ಮೇಜಿನ ಮೇಲಿನ ಕಾಗದಗಳ ಟ್ರೇಯನ್ನೇ ಪರೀಕ್ಷೆಯಾಗಿ ಬಳಸುವ ವಿಧಾನವನ್ನು ನಾರ್ಮನ್ ಫ್ರೆಡರಿಕ್ಸನ್ ಅಲ್ಲಿನ ವಾಯುಪಡೆಗೆಂದು ರೂಪಿಸಿದ್ದರು. ಅದನ್ನೇ ಶಾಲೆಗೆ ತಂದು, 232 ಪ್ರಾಥಮಿಕ ಶಾಲಾ ಮುಖ್ಯಸ್ಥರನ್ನು ವಿಟ್‌ಮನ್ ಎಂಬ ಕಲ್ಪಿತ ಶಾಲೆಯ ಕುರ್ಚಿಯಲ್ಲಿ ಕೂರಿಸಿದರು. ಅವರ ಮುಂದೆ ಪೋಷಕರ ಪತ್ರ, ಶಿಕ್ಷಕರ ಚೀಟಿ, ಮೇಲಧಿಕಾರಿಯ ಟಿಪ್ಪಣಿ. ನೀವು ಏನು ಮಾಡುತ್ತಿದ್ದಿರಿ ಎಂದು ಹೇಳಿದರೆ ಸಾಲದು. ಉತ್ತರದ ಪತ್ರ ಬರೆಯಬೇಕು, ಯಾರಿಗೆ ಫೋನ್ ಎಂದು ಗುರುತು ಹಾಕಬೇಕು. 1962ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ ಒಂದು ವಿಷಯ ಎದ್ದು ಕಂಡಿತ್ತು. ಕೆಲವರು ತೀರ್ಮಾನಕ್ಕೆ ಮುಂಚೆ ವಿಚಾರಿಸಿ, ಕೇಳಿ, ಹಳೆಯ ಕಾಗದ ತೆಗೆದು ನೋಡಿ ತಯಾರಾಗುತ್ತಾರೆ. ಕೆಲವರು ಕಾಗದ ಕೈಗೆ ಬಂದ ಕೂಡಲೇ ಮುಗಿಸುತ್ತಾರೆ.

ಎಂಟನೇ ತರಗತಿಯ ಪ್ರಕರಣದಲ್ಲಿ ನಾನು ಹುಡುಕುವುದು ಇದನ್ನೇ. ಅಭಿಪ್ರಾಯ ಕೇಳಿದರೆ ಎಲ್ಲರೂ "ಮೊದಲು ಮಾತಾಡಿ ನೋಡುತ್ತೇನೆ" ಎನ್ನುತ್ತಾರೆ. ಸರಿ, ಮಾತಾಡಿ. ಈಗಲೇ. ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದಾರೆ.

ಮೊದಲ ಮಾತು

ಒಬ್ಬರನ್ನು ಮೇಷ್ಟ್ರಾಗಿ ನಿಲ್ಲಿಸಿ, ಅವರಿಗೆ ಮಾತ್ರ ಒಂದು ಸಣ್ಣ ಚೀಟಿ ಕೊಡುತ್ತೇನೆ. ಅದರಲ್ಲಿ ಹೀಗಿದೆ: "ನೀವು ಮೂವರು ಮಕ್ಕಳಿಗೆ ಮನೆಯಲ್ಲಿರಿ ಎಂದಿದ್ದೀರಿ. ಉಳಿದಿಬ್ಬರು ಇವರನ್ನು ನೋಡಿ ತಾವೇ ಬಿಟ್ಟಿದ್ದಾರೆ. ಮೊದಲ ಸಲ ಹೇಳಿದ್ದು ಹುಡುಗನ ವಾಂತಿ ನೋಡಿ. ಆಮೇಲೆ ಸರಾಸರಿ ಏರಿದ್ದು ನಿಮಗೂ ಗೊತ್ತಾಗಿದೆ, ಒಳಗೊಳಗೇ ಸರಿ ಅನಿಸುತ್ತಿಲ್ಲ. ಯಾರಾದರೂ ನೇರವಾಗಿ, ಮರ್ಯಾದೆಯಿಂದ ಕೇಳಿದರೆ ಹೇಳುತ್ತೀರಿ. ಆರೋಪ ಎನಿಸಿದರೆ ಬಾಯಿ ಬಿಡುವುದಿಲ್ಲ." ಇನ್ನೊಬ್ಬರು ಮುಖ್ಯ ಶಿಕ್ಷಕಿ. ಎರಡು ನಿಮಿಷ ಮಾತು.

ಮೊದಲು ಬರುವ ಮಾತು ಸಾಮಾನ್ಯವಾಗಿ ಹೀಗೆ: "ಸರ್, ನಿಮ್ಮ ಮೇಲೆ ಒಂದು ಕಂಪ್ಲೇಂಟ್ ಬಂದಿದೆ."

ಇಲ್ಲಿಗೇ ನಿಲ್ಲಿಸುತ್ತೇನೆ. ಕಂಪ್ಲೇಂಟ್ ಎಲ್ಲಿ ಬಂದಿದೆ? ತಾಯಿ ಕೈ ಮುಗಿಯುವಷ್ಟು ಕೃತಜ್ಞತೆಯಿಂದ ಹೇಳಿದ್ದನ್ನು ಮುಖ್ಯಸ್ಥೆ ಒಂದೇ ಮಾತಿನಲ್ಲಿ ದೂರು ಮಾಡಿಬಿಟ್ಟರು. ನಾಳೆ ಮೇಷ್ಟ್ರು ಆ ಹುಡುಗನನ್ನು ಹೇಗೆ ನೋಡುತ್ತಾರೆ? ಆ ತಾಯಿ ಮತ್ತೆ ಈ ಕಚೇರಿಯಲ್ಲಿ ಮನಸ್ಸು ಬಿಚ್ಚಿ ಮಾತಾಡುತ್ತಾರಾ? ಎಷ್ಟು ಚರ್ಚೆ ಮಾಡಿದರೂ ಈ ಅಪಾಯ ಹೊರಗೆ ಬಂದಿರುವುದಿಲ್ಲ. ಬಾಯಿಂದ ಮಾತು ಹೊರಟ ಮೇಲೆಯೇ ಕಾಣುವುದು. ಪ್ರಕರಣವನ್ನು ಬರೀ ಚರ್ಚೆಗೆ ಬಿಡಬಾರದು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಎರಡನೆಯವರು ಜಾಣತನದಿಂದ ಬರುತ್ತಾರೆ. "ಸರ್, ಪರೀಕ್ಷೆ ದಿನ ಕೆಲವು ಮಕ್ಕಳು ಬರ್ತಿಲ್ಲ ಅನ್ಸುತ್ತೆ, ನಿಮ್ಮ ಗಮನಕ್ಕೆ ಬಂದಿದೆಯಾ?" ಮೇಷ್ಟ್ರು ಕ್ಷಣ ತಡೆದು "ಇಲ್ಲ ಮೇಡಂ" ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು. ತಮಗೆ ಗೊತ್ತಿರುವುದನ್ನು ಮುಚ್ಚಿಟ್ಟುಕೊಂಡು ಪ್ರಶ್ನೆ ಕೇಳಿದಾಗ, ಎದುರಿನವರಿಗೆ ಸುಳ್ಳು ಹೇಳಲು ದಾರಿ ಮಾಡಿಕೊಟ್ಟ ಹಾಗಾಗುತ್ತದೆ. ಒಮ್ಮೆ ಇಲ್ಲ ಎಂದ ಮೇಲೆ ಹದಿನಾಲ್ಕು ವರ್ಷದ ಮೇಷ್ಟ್ರು ಹೌದು ಎಂದು ಹಿಂದೆ ಬರುವುದು ಬಹಳ ಕಷ್ಟ.

ಇನ್ನು ಕೆಲವರು ಹಾಜರಿ ಪುಸ್ತಕವನ್ನೇ ಮೇಜಿನ ಮೇಲೆ ತಿರುಗಿಸಿ ಇಡುತ್ತಾರೆ. "ಕೂತ್ಕೊಳ್ಳಿ ಸರ್. ಸಹಿ ಹಾಕೋ ಮುಂಚೆ ಇದನ್ನ ನಿಮ್ಮ ಜೊತೆ ನೋಡಬೇಕಿತ್ತು. ಈ ಐದು ಮಕ್ಕಳು ಪರೀಕ್ಷೆ ದಿನ ಮಾತ್ರ ಇಲ್ಲ. ನೀವು ಇವರನ್ನ ನನಗಿಂತ ಚೆನ್ನಾಗಿ ಬಲ್ಲಿರಿ. ಏನಾಗ್ತಿದೆ?" ಇದರಲ್ಲಿ ಗೊತ್ತಿರುವುದು ಮೇಜಿನ ಮೇಲೆ ಇದೆ, ಅಂದುಕೊಂಡದ್ದು ಇಲ್ಲ. ತಾಯಿಯ ಹೆಸರು ಎತ್ತಿಲ್ಲ. ಮೇಷ್ಟ್ರಾಗಿ ನಿಂತವರ ಭುಜ ಇಳಿಯುವುದು ಕೋಣೆಯಲ್ಲಿ ಎಲ್ಲರಿಗೂ ಕಾಣುತ್ತದೆ. ಸ್ವಲ್ಪ ತಡವರಿಸಿ, ಚೀಟಿಯಲ್ಲಿರುವುದನ್ನು ಹೇಳಲು ಶುರು ಮಾಡುತ್ತಾರೆ.

ಇದು ಒಂದೇ ಸರಿಯಾದ ಮಾತು ಎಂದು ನಾನು ಹೇಳುವುದಿಲ್ಲ. ಮೇಷ್ಟ್ರ ಚೀಟಿ ಬದಲಾಯಿಸಿದರೆ ಇದೇ ಮಾತಿಗೂ ಬಾಗಿಲು ಮುಚ್ಚಬಹುದು. ಹಾಗಾಗಿ ಸಮಯ ಇದ್ದರೆ ಇನ್ನೊಂದು ಚೀಟಿ ಇಟ್ಟುಕೊಂಡಿರಿ: ಅದರಲ್ಲಿ ಮೇಷ್ಟ್ರು ಯಾರಿಗೂ ಏನೂ ಹೇಳಿಲ್ಲ, ಮಕ್ಕಳೇ ತಪ್ಪಿಸುತ್ತಿದ್ದಾರೆ, ಅವರಿಗೆ ನಿಜವಾಗಿಯೂ ಗೊತ್ತಿಲ್ಲ. ಮೊದಲ ಸುತ್ತಿನಲ್ಲಿ ನೋಟಿಸ್ ಎಂದವರಿಗೆ ಈ ಚೀಟಿ ಓದಿದಾಗ ಆಗುವ ಕಸಿವಿಸಿ ಬಹಳ ಕಲಿಸುತ್ತದೆ.

ಸಹಿಯ ಮಾತು ಇನ್ನೂ ಉಳಿದಿದೆ. ಹಾಕುವುದೋ ಬಿಡುವುದೋ ಎಂದೇ ಬಹಳ ಹೊತ್ತು ಜಗ್ಗಾಟ ನಡೆಯುತ್ತದೆ. ಯಾರಾದರೂ ಒಬ್ಬರು ಕೊನೆಗೆ ಕೇಳುತ್ತಾರೆ: ಸಹಿ ಹಾಕಿ, ಕೆಳಗೆ "38ರಲ್ಲಿ 33 ಮಂದಿ ಬರೆದಿದ್ದಾರೆ, ಐವರ ಮರುಪರೀಕ್ಷೆಯ ಅಂಕ ದಾಖಲಾಗಿಲ್ಲ" ಎಂದು ಒಂದು ಸಾಲು ಬರೆಯಬಾರದಾ? ಬರೆಯಬಹುದು. ಅದು ನಿಜ, ಯಾರ ಮೇಲೂ ಆರೋಪ ಅಲ್ಲ, ನಾಳೆ ಸಭೆಗೂ ಹೋಗುತ್ತದೆ. ಆದರೆ ಆ ಸಾಲನ್ನು ಮೇಷ್ಟ್ರ ಎದುರಿಗೇ ಬರೆಯಬೇಕು, ಅವರು ಹೋದ ಮೇಲೆ ಅಲ್ಲ.

ಎರಡನೇ ಹಾಳೆ

ಇದನ್ನು ಮಾತು ಮುಗಿದ ಮೇಲೆಯೇ ಕೊಡಬೇಕು. ಇದರಲ್ಲಿ ಇರುವುದು ಕಲ್ಪನೆಯಲ್ಲ, ಹೊರಗೆ ನಡೆದ ಸಂಗತಿಗಳು.

ಅಮೆರಿಕದ ಸಮಾಜವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲಿ ಒಂದು ಮಾತು ಬರೆದರು. ಯಾವುದಾದರೂ ಅಂಕಿಯ ಮೇಲೆ ಹೆಚ್ಚೆಚ್ಚು ತೀರ್ಮಾನಗಳು ನಿಂತಷ್ಟೂ ಆ ಅಂಕಿ ಕೆಡುತ್ತ ಹೋಗುತ್ತದೆ, ಅದು ಅಳೆಯಬೇಕಾದ ಕೆಲಸವನ್ನೂ ಕೆಡಿಸುತ್ತದೆ ಎಂಬುದು ಅದರ ಸಾರ. ಶಾಲೆಯ ಪರೀಕ್ಷೆಯ ಅಂಕಗಳನ್ನೇ ಅವರು ಉದಾಹರಣೆ ಕೊಟ್ಟಿದ್ದರು. ಫ್ಲಾರಿಡಾದ ಶಾಲೆಗಳ ದಾಖಲೆ ನೋಡಿ ಅರ್ಥಶಾಸ್ತ್ರಜ್ಞ ಡೇವಿಡ್ ಫಿಗ್ಲಿಯೋ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಹತ್ತಿರದ್ದು. ಒಂದೇ ತಪ್ಪು ಮಾಡಿದ ಇಬ್ಬರಲ್ಲಿ ಕಡಿಮೆ ಅಂಕದ ಮಗುವಿಗೆ ಹೆಚ್ಚು ದಿನದ ಅಮಾನತು ಸಿಗುತ್ತಿತ್ತು, ಪರೀಕ್ಷೆಯ ದಿನಗಳು ಬಂದಾಗ ಈ ಅಂತರ ಇನ್ನೂ ಹೆಚ್ಚುತ್ತಿತ್ತು. ಟೆಕ್ಸಸ್‌ನ ಎಲ್ ಪಾಸೊದಲ್ಲಿ ಇದು ಅಪರಾಧದ ಮಟ್ಟಕ್ಕೇ ಹೋಯಿತು. ಹತ್ತನೇ ತರಗತಿಯ ಪರೀಕ್ಷೆಗೆ ದುರ್ಬಲ ಮಕ್ಕಳು ಕೂರದ ಹಾಗೆ ಅವರನ್ನು ಒಂಬತ್ತರಲ್ಲೇ ಉಳಿಸುವುದು, ಇಲ್ಲವೇ ನೇರ ಹನ್ನೊಂದಕ್ಕೆ ದಾಟಿಸುವುದು ನಡೆದಿತ್ತು. ಅಲ್ಲಿನ ಶಾಲೆಗಳ ಮುಖ್ಯ ಅಧಿಕಾರಿಗೆ 2012ರಲ್ಲಿ ಮೂರೂವರೆ ವರ್ಷ ಜೈಲಾಯಿತು.

ಇದನ್ನು ಮೊದಲೇ ಕೊಟ್ಟರೆ ಎಂಟನೇ ತರಗತಿಯ ಮೇಷ್ಟ್ರು ಅಪರಾಧಿಯಾಗಿಯೇ ಕಾಣುತ್ತಾರೆ. ತಡವಾಗಿ ಕೊಟ್ಟರೆ ಕಣ್ಣು ಬೇರೆ ಕಡೆ ಹೊರಳುತ್ತದೆ. ಗೋಡೆಯ ಮೇಲೆ ಆ ಪಟ್ಟಿ ಅಂಟಿಸಿದವರು ಯಾರು? ಸರಾಸರಿಗೆ ಮೆಚ್ಚುಗೆ ಪತ್ರ ಬರೆದವರು ಯಾರು? ಪತ್ರದಲ್ಲಿ ಬೆಳಗಿನ ಪಾಠದ ಬಗ್ಗೆ ಒಂದು ಮಾತೂ ಇಲ್ಲ ಎಂದು ಆಗ ಯಾರಾದರೂ ಗಮನಿಸುತ್ತಾರೆ. ಮೇಷ್ಟ್ರ ಅತ್ಯುತ್ತಮ ಕೆಲಸ ಶಾಲೆಯ ಕಾಗದದಲ್ಲಿ ಎಲ್ಲೂ ಇಲ್ಲ. ಇದ್ದದ್ದು ಸರಾಸರಿ ಮಾತ್ರ. ಮೊದಲ ಹಾಳೆಯನ್ನು ಮತ್ತೆ ತಿರುಗಿಸಿ ಓದುವ ಸದ್ದು ಕೇಳಿದರೆ ಪ್ರಕರಣ ಕೆಲಸ ಮಾಡಿದೆ ಎಂದು ನಾನು ತಿಳಿಯುತ್ತೇನೆ.

ಆ ಐವರು ಮಕ್ಕಳ ಮಾತು ಮರೆತೇ ಹೋಗುವುದೂ ಉಂಟು. ಮೇಷ್ಟ್ರು, ಮಂಡಳಿ, ಸಹಿ ಎಂದು ಗಂಟೆಗಟ್ಟಲೆ ಮಾತಾಡಿ, ಮಕ್ಕಳನ್ನು ಯಾರೂ ನೆನೆಸಿಕೊಂಡಿರುವುದಿಲ್ಲ. ನೆನೆಸಿಕೊಂಡವರು ಹೆಚ್ಚಾಗಿ "ಐವರನ್ನೂ ಕಚೇರಿಗೆ ಕರೆಸಿ ಕೇಳುತ್ತೇನೆ" ಎನ್ನುತ್ತಾರೆ. ದಯವಿಟ್ಟು ಬೇಡ. ಹದಿಮೂರು ವರ್ಷದ ಮಗುವಿಗೆ ಅದು ವಿಚಾರಣೆಯೇ. ಮರುಪರೀಕ್ಷೆಯನ್ನು ಈ ವಾರ, ಸಣ್ಣ ಗುಂಪಿನಲ್ಲಿ, ಅಂಕ ಗೋಡೆಗೆ ಹೋಗುವುದಿಲ್ಲ ಎಂದು ಮೊದಲೇ ಹೇಳಿ ನಡೆಸಿದರೆ ಆ ಮಕ್ಕಳಿಗೆ ಏನು ಬರುತ್ತದೆ, ಎಲ್ಲಿ ತೊಡಕು ಎಂದು ಗೊತ್ತಾಗುತ್ತದೆ. ವಾಂತಿ ಮಾಡಿಕೊಳ್ಳುವ ಹುಡುಗನಿಗೆ ಬೇಕಾದದ್ದು ಇನ್ನೂ ಬೇರೆ. ಅವನ ವಿಷಯವನ್ನು ತಾಯಿ ಮತ್ತು ಮೇಷ್ಟ್ರು ಇಬ್ಬರನ್ನೂ ಜೊತೆಗೆ ಕೂರಿಸಿಕೊಂಡೇ ಮಾತಾಡಬೇಕು.

ನಡೆಸುವವರಿಗೆ

ಒಂದೂವರೆ ಗಂಟೆಗಿಂತ ಕಡಿಮೆ ಸಮಯ ಇದ್ದರೆ ಈ ಪ್ರಕರಣ ತೆಗೆಯಬೇಡಿ. ಮೊದಲ ಸುತ್ತಿನ ತೀರ್ಪುಗಳಲ್ಲೇ ಸಮಯ ಮುಗಿದುಬಿಟ್ಟರೆ ಜನ ತಮ್ಮ ಹಳೆಯ ಅಭಿಪ್ರಾಯವನ್ನೇ ಗಟ್ಟಿ ಮಾಡಿಕೊಂಡು ಹೋಗುತ್ತಾರೆ. ಮೇಲಧಿಕಾರಿ ಮತ್ತು ಅವರ ಕೈಕೆಳಗಿನ ಮುಖ್ಯಸ್ಥರು ಒಂದೇ ಕೋಣೆಯಲ್ಲಿದ್ದರೆ ಮಾತಾಡುವ ಸುತ್ತಿನಲ್ಲಿ ಮೇಲಧಿಕಾರಿಯನ್ನೇ ಮೇಷ್ಟ್ರ ಜಾಗದಲ್ಲಿ ನಿಲ್ಲಿಸಿ. ಅವರು ಮುಖ್ಯಸ್ಥರ ಪಾತ್ರ ಮಾಡಿದರೆ ಉಳಿದವರೆಲ್ಲ ಅದನ್ನೇ ಮಾದರಿ ಉತ್ತರ ಎಂದುಕೊಳ್ಳುತ್ತಾರೆ. ಮತ್ತೆ, ಯಾರಾದರೂ "ನಮ್ಮ ಶಾಲೆಯಲ್ಲೂ ಹೀಗೇ ಆಗಿತ್ತು" ಎಂದು ಹೆಸರು ಸಮೇತ ಹೇಳಲು ಹೊರಟರೆ ಅಲ್ಲಿಗೇ ತಡೆಯಿರಿ. ಹೆಸರಿನ ಆ ಮನುಷ್ಯ ತನ್ನ ಪರ ಹೇಳಿಕೊಳ್ಳಲು ಕೋಣೆಯಲ್ಲಿ ಇಲ್ಲ.

ಕೊನೆಯ ಹತ್ತು ನಿಮಿಷ ಗೋಡೆಯ ಪಟ್ಟಿಗೆ. ಮುಂದಿನ ಪರೀಕ್ಷೆಯ ನಂತರ ಅದನ್ನು ಏನು ಮಾಡುತ್ತೀರಿ ಎಂದು ಪ್ರತಿಯೊಬ್ಬರೂ ಬರೆಯಬೇಕು. ಕಿತ್ತು ಹಾಕುತ್ತೇವೆ ಎನ್ನುವವರು ಇರುತ್ತಾರೆ, ಹಾಗೇ ಬಿಡುತ್ತೇವೆ ಎನ್ನುವವರೂ. ನನ್ನ ಅಭಿಪ್ರಾಯ ಕೇಳಿದರೆ ಹೇಳುತ್ತೇನೆ: ಪಟ್ಟಿ ಇರಲಿ, ಸರಾಸರಿಯ ಪಕ್ಕದಲ್ಲಿ ಎಷ್ಟು ಮಕ್ಕಳಲ್ಲಿ ಎಷ್ಟು ಮಂದಿ ಬರೆದರು ಎಂಬ ಇನ್ನೊಂದು ಸಾಲು ಸೇರಲಿ, ಎಲ್ಲ ತರಗತಿಗೂ. ಅದನ್ನು ಅಂಟಿಸುವ ಮುಂಚೆ ಮುಖ್ಯ ಶಿಕ್ಷಕಿ ಗಣಿತದ ಮೇಷ್ಟ್ರನ್ನು ಕರೆದು ತೋರಿಸಲಿ. ಅವರಿಗೆ ಗೋಡೆ ನೋಡಿ ಗೊತ್ತಾಗಬಾರದು.